ನಾಟಕಕ್ಕೆ ಬೀಗ ಸರಿ, ನಮ್ಮ ಹೆಡ್ಡಿಂಗಿಗೆ?

ಇಬ್ರಾಹಿಂ ಸಾಹೇಬ್ ಸ್ಟ್ರೀಟಿನಲ್ಲಿ ಹೊಲಿಗೆ ಅಂಗಡಿ ಇಟ್ಟಿರುವ ಭಾಯಿ ಒಬ್ಬರಿದ್ದಾರೆ. ಹೆಸರು ಬೇಡ. ನನ್ನ ಸೊಂಟದ ಅಳತೆ ಮೂವತ್ತರಿಂದ ಮೂವತ್ತೆಂಟಕ್ಕೆ ಏರಿದ ಇತಿಹಾಸವೆಲ್ಲ ಅವರ ನೋಟ್‌ಬುಕ್ಕಿನಲ್ಲಿದೆ. ಮೊನ್ನೆ ಸಂಜೆ ರಸೆಲ್ ಮಾರ್ಕೆಟ್ ಕಡೆಯಿಂದ ಬರುತ್ತಿದ್ದವನನ್ನು ಕೈಹಿಡಿದು ಒಳಗೆಳೆದು, ಸ್ಟೂಲಿನ ಮೇಲೆ ಕೂರಿಸಿ, ಟೀ ತರಿಸಿ, ಕತ್ತರಿ ಬದಿಗಿಟ್ಟು ಹೇಳಿದರು: "ಸಾರ್, ಪೇಪರಲ್ಲಿ ಬರೀರಿ. ಆ ಸೀರಿಯಲ್ಲು ಬ್ಯಾನ್ ಮಾಡ್ಸಿ."

ಯಾವ ಸೀರಿಯಲ್ಲು ಅಂದೆ. ಅವರಿಗೆ ಹೆಸರು ಬಾಯಿಗೆ ಬರಲಿಲ್ಲ. ಮಗಳು ಮೊದಲ ಪಿಯುಸಿ. ರಾತ್ರಿ ಹೊದಿಕೆಯೊಳಗೆ ಮೊಬೈಲು ಹಿಡಿದು ನೋಡುತ್ತಿದ್ದಳಂತೆ. ತಾಯಿ ಕಿತ್ತುಕೊಂಡು ನೋಡಿದರೆ, ಸ್ಕೂಲಿನ ಹುಡುಗಿಯೊಬ್ಬಳು ತಾನಾಗಿಯೇ ಸತ್ತುಹೋಗಿದ್ದಾಳೆ, ಸಾಯುವ ಮುಂಚೆ ಕ್ಯಾಸೆಟ್ಟುಗಳಲ್ಲಿ ಮಾತು ತುಂಬಿಸಿಟ್ಟಿದ್ದಾಳೆ. "ಸತ್ತೋಳು ಮಾತಾಡ್ತಾಳೆ ಸಾರ್, ಬದುಕಿರೋರೆಲ್ಲ ಕೂತ್ಕೊಂಡು ಕೇಳ್ತಾರೆ. ಇದು ಮಕ್ಕಳಿಗೆ ತೋರ್ಸೋದಾ?"

ಭಾಯಿ ವಿಮರ್ಶಕರಲ್ಲ. ಆದರೆ ಅಮೆರಿಕದ ಡಾಕ್ಟರುಗಳು ಪುಟಗಟ್ಟಲೆ ಬರೆದ ಆಕ್ಷೇಪಣೆಯನ್ನು ಗುಂಡಿ ಹೊಲಿಯುವಷ್ಟು ಹೊತ್ತಿನಲ್ಲಿ ಹೇಳಿ ಮುಗಿಸಿದ್ದರು. ಸತ್ತಮೇಲೂ ಮಾತಾಡಬಹುದು, ಸತ್ತರೆ ಎಲ್ಲರೂ ಕೇಳಿಸಿಕೊಳ್ಳುತ್ತಾರೆ, ಅತ್ತೇ ಅಳುತ್ತಾರೆ, ತಪ್ಪು ಮಾಡಿದವರಿಗೆ ತಕ್ಕ ಶಾಸ್ತಿ ಆಗುತ್ತದೆ. ಹದಿನಾರರ ಹುಡುಗಿಗೆ ಇದಕ್ಕಿಂತ ದೊಡ್ಡ ಸುಳ್ಳು ಇನ್ನೇನು ಹೇಳಬೇಕು? ಸತ್ತವರಿಗೆ ಯಾರ ಅಳುವೂ ಕೇಳುವುದಿಲ್ಲ ಸ್ವಾಮಿ.

ಆ ನಾಟಕದ ಹೆಸರು '13 ರೀಸನ್ಸ್ ವೈ'. ಜೇ ಆಶರ್ ಎಂಬುವರು 2007ರಲ್ಲಿ ಬರೆದ ಕಾದಂಬರಿ. ಅದನ್ನು ನೆಟ್‌ಫ್ಲಿಕ್ಸ್‌ನವರು ಧಾರಾವಾಹಿ ಮಾಡಿ 2017ರ ಮಾರ್ಚ್ 31ರಂದು ಹದಿಮೂರು ಕಂತನ್ನೂ ಒಟ್ಟಿಗೇ ಬಿಟ್ಟರು. ಹ್ಯಾನಾ ಬೇಕರ್ ಎಂಬ ಹುಡುಗಿ, ತನ್ನ ಸಾವಿಗೆ ಕಾರಣ ಅಂತ ಒಬ್ಬೊಬ್ಬರನ್ನೇ ಹೆಸರಿಸುತ್ತಾ ಹೋಗುವ ಕಥೆ. ಕೊನೆಯ ಕಂತಿನಲ್ಲಿ ಅವಳ ಸಾವನ್ನು ಮೂರು ನಿಮಿಷದ ಹತ್ತಿರ ಹತ್ತಿರ ತೋರಿಸಿದ್ದರು. ಗಲಾಟೆ ಎದ್ದದ್ದೇ ಅಲ್ಲಿ. ಸ್ಕೂಲುಗಳವರು ತಂದೆತಾಯಿಗಳಿಗೆ ಕಾಗದ ಬರೆದರು. ನ್ಯೂಜಿಲೆಂಡಿನ ಸೆನ್ಸಾರಿನವರು ಇದಕ್ಕಾಗಿಯೇ ಒಂದು ಹೊಸ ದರ್ಜೆ ಸೃಷ್ಟಿಸಿ, ಹದಿನೆಂಟರ ಕೆಳಗಿನವರು ದೊಡ್ಡವರು ಜೊತೆಗಿದ್ದರೆ ಮಾತ್ರ ನೋಡಬಹುದು ಅಂದರು. ಮಾಡಿದವರು ಮೊದಮೊದಲು ಜಗ್ಗಲಿಲ್ಲ. ನೋವನ್ನು ನೋವಾಗಿಯೇ ತೋರಿಸಿದರೆ ಮಕ್ಕಳು ಹೆದರಿ ಹಿಂಜರಿಯುತ್ತಾರೆ ಎಂಬುದು ಅವರ ವಾದ. ಎಚ್ಚರಿಕೆಯ ಬೋರ್ಡು ಸೇರಿಸಿ ಮುಂದಕ್ಕೆ ಹೋದರು. ಎರಡು ವರ್ಷ ಕಳೆದು 2019ರ ಜುಲೈನಲ್ಲಿ, ಡಾಕ್ಟರುಗಳ ಸಲಹೆ ಅಂತ ಹೇಳಿ, ಆ ದೃಶ್ಯವನ್ನು ಕತ್ತರಿಸಿ ತೆಗೆದರು. ನಾಟಕ ಮಾತ್ರ 2020ರವರೆಗೆ ನಾಲ್ಕು ಸೀಜನ್ ಓಡಿತು.

ಭಾಯಿ ಕೇಳುವ ಪ್ರಶ್ನೆ ಇದು: ನೋಡಿದ್ದರಿಂದ ಮಕ್ಕಳು ಸತ್ತರೋ ಇಲ್ಲವೋ?

ನೇರ ಉತ್ತರ ಕೊಡಬೇಕೆಂದರೆ ತಜ್ಞರೇ ಕಚ್ಚಾಡಿಕೊಂಡಿದ್ದಾರೆ. 2019ರಲ್ಲಿ ಅಮೆರಿಕದ ಒಂದು ಅಧ್ಯಯನ ಹೇಳಿತು: ನಾಟಕ ಬಂದ ಮರುತಿಂಗಳು, ಅಂದರೆ 2017ರ ಏಪ್ರಿಲ್‌ನಲ್ಲಿ, ಹತ್ತರಿಂದ ಹದಿನೇಳು ವಯಸ್ಸಿನ ಮಕ್ಕಳ ಆತ್ಮಹತ್ಯೆ ಶೇಕಡ 28.9 ಏರಿತು ಅಂತ. ವಿಚಿತ್ರ ಏನೆಂದರೆ ಕಥೆ ಹುಡುಗಿಯದು, ಏರಿಕೆ ಎದ್ದು ಕಂಡದ್ದು ಹುಡುಗರಲ್ಲಿ. ಮರುವರ್ಷ ಡೇನಿಯಲ್ ರೋಮರ್ ಎಂಬ ಇನ್ನೊಬ್ಬ ಪಂಡಿತರು ಅದೇ ಲೆಕ್ಕವನ್ನು ಬಿಚ್ಚಿ ನೋಡಿ, ಏರಿಕೆ ಮೊದಲಿಂದಲೇ ನಡೆಯುತ್ತಿತ್ತು, ನಾಟಕದ ತಲೆಗೆ ಕಟ್ಟುವುದಕ್ಕೆ ಆಧಾರ ಸಾಲದು ಅಂದರು. ಹೀಗೆ ಒಬ್ಬರು ಹೌದು, ಒಬ್ಬರು ಅಷ್ಟಿಲ್ಲ.

ಆದರೆ ಇದಕ್ಕಿಂತ ಹಳೆಯ ಸಾಕ್ಷಿಯೊಂದಿದೆ, ಅದನ್ನು ಅಷ್ಟು ಸುಲಭವಾಗಿ ಕೊಡವಿಹಾಕಲು ಆಗುವುದಿಲ್ಲ. ನಮ್ಮ ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂದ 1981ನೇ ಇಸವಿಯಲ್ಲೇ, ಪಶ್ಚಿಮ ಜರ್ಮನಿಯ ಟೀವಿಯಲ್ಲಿ ಆರು ಕಂತಿನ ಒಂದು ನಾಟಕ ಬಂತು. 'ಒಬ್ಬ ವಿದ್ಯಾರ್ಥಿಯ ಸಾವು' ಅಂತ ಅರ್ಥ ಬರುವ ಹೆಸರು. ತೆಗೆದವರ ಉದ್ದೇಶ ಒಳ್ಳೆಯದೇ. ಎಳೆಯರ ಕಷ್ಟ ದೊಡ್ಡವರಿಗೆ ತಿಳಿಯಲಿ ಅಂತ. ಶ್ಮಿಟ್ಕೆ ಮತ್ತು ಹೆಫ್ನರ್ ಎಂಬ ಇಬ್ಬರು ಆಮೇಲೆ ಕೂತು ಲೆಕ್ಕ ಹಾಕಿದರು. ನಾಟಕ ಓಡುತ್ತಿದ್ದಾಗ ಮತ್ತು ಅದರ ಬೆನ್ನಿಗೇ, ಹದಿನೈದರಿಂದ ಹತ್ತೊಂಬತ್ತರ ಹುಡುಗರಲ್ಲಿ, ನಾಟಕದಲ್ಲಿ ತೋರಿಸಿದ ಅದೇ ಬಗೆಯ ಸಾವು ಶೇಕಡ 175ರವರೆಗೆ ಏರಿತ್ತು. 1982ರಲ್ಲಿ ಮರುಪ್ರಸಾರ ಮಾಡಿದರು, ಮತ್ತೆ ಏರಿತು. ನಾಯಕನ ವಯಸ್ಸಿಗೆ ಹತ್ತಿರವಿದ್ದವರಲ್ಲಿ ಹೆಚ್ಚು, ದೂರವಿದ್ದವರಲ್ಲಿ ಕಮ್ಮಿ. ಇದನ್ನು ಕಾಕತಾಳೀಯ ಅನ್ನುವವರಿಗೆ ನಾನೇನೂ ಹೇಳಲಾರೆ.

ಆದ್ದರಿಂದ ಆ ಮೂರು ನಿಮಿಷವನ್ನು ಕತ್ತರಿಸಿದ್ದು ಸರಿ. ಎರಡು ವರ್ಷ ತಡವಾಯಿತು ಅನ್ನುವುದೊಂದೇ ನನ್ನ ತಕರಾರು.

"ಹಂಗಾದ್ರೆ ಬ್ಯಾನ್ ಮಾಡ್ಸಿ ಅಂತ ಬರೀತೀರಾ?" ಅಂದರು ಭಾಯಿ. ಇಲ್ಲ ಅಂದೆ. ಅವರ ಮುಖ ಸಣ್ಣದಾಯಿತು. ಕಾರಣ ಅವರಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ.

ಸಾಯುವ ಕಥೆ ನಮಗೇನೂ ಅಮೆರಿಕದಿಂದ ಬಂದ ಸರಕಲ್ಲ. 1972ರಲ್ಲಿ ಪುಟ್ಟಣ್ಣನವರ 'ನಾಗರಹಾವು' ಬಂದಾಗ ರಾಮಾಚಾರಿ, ಮಾರ್ಗರೆಟ್ ಇಬ್ಬರ ಕೊನೆ ನೋಡಿ ಕಣ್ಣೊರೆಸಿಕೊಂಡೇ ಥಿಯೇಟರಿನಿಂದ ಹೊರಗೆ ಬಂದ ತಲೆಮಾರು ನಮ್ಮದು. 1978ರ ತೆಲುಗು 'ಮರೋ ಚರಿತ್ರ' ನಮ್ಮ ಬೆಂಗಳೂರಿನಲ್ಲೇ ವರ್ಷ ದಾಟಿ ಓಡಿತು. ಅದನ್ನೇ ಬಾಲಚಂದರ್ 1981ರಲ್ಲಿ ಹಿಂದಿಯಲ್ಲಿ 'ಏಕ್ ದೂಜೆ ಕೇ ಲಿಯೇ' ಮಾಡಿದಾಗ ಇಡೀ ದೇಶ ಅತ್ತಿತು. ಪ್ರೇಮಿಗಳ ಸಾವಿನ ಸುದ್ದಿಗಳು ಒಂದರ ಮೇಲೊಂದು ಬಂದು, ಸಿನಿಮಾದ ಕೊನೆ ಬದಲಿಸಿ ಅನ್ನುವ ಕೂಗೂ ಎದ್ದಿತ್ತು. ಆಗಲೂ ಇದೇ ಚರ್ಚೆ, ಇದೇ ಬ್ಯಾನು. ಈಗ ಬಾಗಿಲು ಮುಚ್ಚಿರುವ ನಮ್ಮ ಎಲ್ಗಿನ್ ಟಾಕೀಸಿನ ಬೆಂಚುಗಳಿಗೆ ಬಾಯಿದ್ದಿದ್ದರೆ ಎಷ್ಟು ಕಣ್ಣೀರಿನ ಲೆಕ್ಕ ಹೇಳುತ್ತಿದ್ದವೋ.

ಇನ್ನು ಬ್ಯಾನಿನ ಹುಮ್ಮಸ್ಸು ಎಲ್ಲಿಗೆ ಹೋಗಿ ಮುಟ್ಟುತ್ತದೆ ಅನ್ನುವುದಕ್ಕೆ ಅದೇ 2017ನೇ ಇಸವಿಯೇ ಸಾಕು. ಆ ವರ್ಷ ಊರೆಲ್ಲ 'ಬ್ಲೂ ವೇಲ್' ಎಂಬ ಆಟದ ಭೂತ ಹೊಕ್ಕಿತ್ತು, ನೆನಪಿದೆಯಾ? ಮಕ್ಕಳ ಕೈಗೆ ಗೀರು ಕಂಡರೆ ಸಾಕು, ಬ್ಲೂ ವೇಲ್! ಟೀವಿಯವರು ಹಗಲೂ ರಾತ್ರಿ ತಿಮಿಂಗಿಲದ ಚಿತ್ರ ತೋರಿಸಿದ್ದೇ ತೋರಿಸಿದ್ದು. ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಗೂಗಲ್, ಫೇಸ್‌ಬುಕ್, ವಾಟ್ಸಾಪಿನವರಿಗೆಲ್ಲ ಆ ಲಿಂಕು ಕಿತ್ತುಹಾಕಿ ಅಂತ ಬರೆಯಿತು. 2018ರ ಜನವರಿಯಲ್ಲಿ ಅದೇ ಸರ್ಕಾರದ ಮಂತ್ರಿಗಳು ಲೋಕಸಭೆಗೆ ಹೇಳಿದ್ದೇನು? ತಪಾಸಣೆ ಮಾಡಿದ ಯಾವ ಸಾವಿಗೂ ಆ ಆಟವೇ ಕಾರಣ ಅನ್ನುವುದಕ್ಕೆ ಸಾಕ್ಷಿ ಸಿಗಲಿಲ್ಲ ಅಂತ. ಅಷ್ಟು ಹೊತ್ತಿಗೆ ನಾವೆಲ್ಲ ಬೇರೆ ಸುದ್ದಿಗೆ ಹೋಗಿದ್ದೆವು.

ಅದೇ ವರ್ಷದ ನವೆಂಬರಿನಲ್ಲಿ ದಾವಣಗೆರೆ ಜಿಲ್ಲೆಯ ಹರಿಹರದಲ್ಲಿ ಒಂದು ಪುಟ್ಟ ಹುಡುಗಿ ಕನ್ನಡ ಧಾರಾವಾಹಿಯೊಂದರ ಬೆಂಕಿಯ ದೃಶ್ಯವನ್ನು ಆಡಿ ತೋರಿಸಲು ಹೋಗಿ ಜೀವ ಕಳೆದುಕೊಂಡಳು. ಅದು ಆತ್ಮಹತ್ಯೆಯಲ್ಲ, ಮಗುವಿನ ಆಟ. ನೆಟ್‌ಫ್ಲಿಕ್ಸೂ ಅಲ್ಲ, ಅಜ್ಜಿ ಮೊಮ್ಮಕ್ಕಳು ಒಟ್ಟಿಗೆ ಕೂತು ನೋಡುವ ಧಾರಾವಾಹಿ. ಎರಡು ದಿನ ಸುದ್ದಿಯಾಯಿತು, ಮೂರನೆಯ ದಿನ ಮರೆತೆವು. ಪರದೇಶದ ನಾಟಕಕ್ಕೆ ಹೆದರುವ ನಾವು ಹಾಲಿನಲ್ಲಿ ಸಂಜೆ ಏಳಕ್ಕೆ ಓಡುವ ನಾಟಕಕ್ಕೆ ಹೆದರುವುದಿಲ್ಲ.

ಅದಕ್ಕಿಂತಲೂ ಹೆದರಬೇಕಾದ್ದು ಒಂದಿದೆ, ಅದನ್ನು ಬರೆಯಲೆಂದೇ ಇಷ್ಟು ದೂರ ಬಂದೆ. ಇದನ್ನು ಭಾಯಿಗೆ ಹೇಳಲಿಲ್ಲ, ಹೇಳಲು ನಾಲಿಗೆ ಏಳಲಿಲ್ಲ.

1986. ನಾನು ಒಂದು ಸಂಜೆ ಪತ್ರಿಕೆಯಲ್ಲಿ ಹೊಸ ರಿಪೋರ್ಟರು. ಎಸ್ಸೆಸ್ಸೆಲ್ಸಿ ರಿಸಲ್ಟು ಬಂದ ದಿನ. ಆಗೆಲ್ಲ ಪೇಪರಿನಲ್ಲಿ ನಂಬರು ಅಚ್ಚಾಗುತ್ತಿತ್ತು. ನಂಬರು ಇದ್ದರೆ ಪಾಸು, ಇಲ್ಲದಿದ್ದರೆ ಇಲ್ಲ. ನಮ್ಮ ಏರಿಯಾದ ಒಬ್ಬ ಹುಡುಗ ಅವತ್ತು ತೀರಿಕೊಂಡ. ನಾನು ಸೈಕಲ್ ತುಳಿದುಕೊಂಡು ಹೋಗಿ, ಮನೆಯವರ ಮಧ್ಯೆ ನುಗ್ಗಿ, ಗೋಡೆಯ ಮೇಲಿದ್ದ ಫೋಟೋ ಇಸಕೊಂಡು ಬಂದೆ. ಹೇಗೆ, ಎಲ್ಲಿ, ಎಷ್ಟು ಗಂಟೆಗೆ, ಬರೆದಿಟ್ಟ ಚೀಟಿಯಲ್ಲಿ ಏನಿತ್ತು, ಒಂದನ್ನೂ ಬಿಡದೆ ಬರೆದೆ. ಡೆಸ್ಕಿನವರು ದಪ್ಪಕ್ಷರದಲ್ಲಿ ಹೆಡ್ಡಿಂಗು ಕೊಟ್ಟರು. ಕಂಟೋನ್ಮೆಂಟ್ ಸ್ಟೇಷನ್ನಿನ ಮುಂದೆ, ಬಸ್ ಸ್ಟ್ಯಾಂಡಿನಲ್ಲಿ ಪೇಪರಿನ ಹುಡುಗರು ಅದನ್ನೇ ಕೂಗಿ ಮಾರಿದರು. ಅವತ್ತು ಪ್ರತಿ ಸಾಲಲಿಲ್ಲ. ಎಡಿಟರು ಬೆನ್ನು ತಟ್ಟಿದರು. ನಾನು ಆ ಖುಷಿಯಲ್ಲಿ ಬಿರಿಯಾನಿ ತಿಂದೆ.

ಎರಡು ತಿಂಗಳಾದ ಮೇಲೆ ರಸೆಲ್ ಮಾರ್ಕೆಟ್ಟಿನ ಹೂವಿನ ಅಂಗಡಿಗಳ ಹತ್ತಿರ ಹೆಂಗಸೊಬ್ಬರು ನನ್ನನ್ನು ತಡೆದರು. ಹುಡುಗನ ತಾಯಿ. ಬೈಯಲಿಲ್ಲ. "ತಮ್ಮಾ, ನನ್ ಮಗ ಚೆಸ್ ಚೆನ್ನಾಗಿ ಆಡ್ತಿದ್ದ. ಅದನ್ನ ಯಾಕೆ ಬರೀಲಿಲ್ಲ ನೀನು? ಫೇಲಾದ ಅಂತ ಮಾತ್ರ ಬರ್ದೆ" ಅಂದರು. ಫೋಟೋ ವಾಪಸ್ಸು ಕೊಡು ಅಂತಲೂ ಕೇಳಿದರು. ಅದು ಬ್ಲಾಕು ಮಾಡಿಸುವ ಕಡೆ ಎಲ್ಲೋ ಕಳೆದುಹೋಗಿತ್ತು. ಅವರ ಹತ್ತಿರ ಇದ್ದದ್ದು ಅದೊಂದೇ ಫೋಟೋ.

ಮುಂದಿನ ವರ್ಷಗಳಲ್ಲೂ ನಾನು ಹಾಗೇ ಬರೆದೆ ಅನ್ನುವುದನ್ನು ಮುಚ್ಚಿಡುವುದಿಲ್ಲ. ಕಸುಬು ಹಾಗಿತ್ತು ಅಂತ ನನಗೆ ನಾನೇ ಹೇಳಿಕೊಂಡೆ.

ನಾನು ಹಾಗೆ ಬರೆಯುತ್ತಿದ್ದ ದಿನಗಳಲ್ಲೇ, 1987ರಲ್ಲಿ, ಆಸ್ಟ್ರಿಯಾ ದೇಶದ ವಿಯೆನ್ನಾದಲ್ಲಿ ಏನಾಯಿತು ನೋಡಿ. ಆ ಊರಿನ ಮೆಟ್ರೋ ನಿಲ್ದಾಣಗಳಲ್ಲಿ ಇಂಥ ಸಾವು ಏರುತ್ತಾ ಹೋಗಿತ್ತು, ಪತ್ರಿಕೆಗಳೋ ಫೋಟೋ ಹಾಕಿ ಬಣ್ಣ ಕಟ್ಟಿ ಬರೆಯುತ್ತಿದ್ದವು. ತಜ್ಞರು ಪತ್ರಕರ್ತರನ್ನು ಕೂರಿಸಿಕೊಂಡು, ಹೀಗಲ್ಲ ಹೀಗೆ ಬರೀರಿ ಅಂತ ಸೂಚನೆ ಕೊಟ್ಟರು. ಪತ್ರಿಕೆಗಳು ಒಪ್ಪಿದವು. ಕೆಲವು ಸಾವನ್ನು ಬರೆಯದೆಯೇ ಬಿಟ್ಟವು, ಬರೆದದ್ದನ್ನು ಒಳಪುಟಕ್ಕೆ ತಳ್ಳಿದವು. ಆ ವರ್ಷದ ಮೊದಲ ಆರು ತಿಂಗಳಿಗೆ ಹೋಲಿಸಿದರೆ ಮುಂದಿನ ಆರು ತಿಂಗಳಲ್ಲಿ ಸಾವು ಮತ್ತು ಪ್ರಯತ್ನ ಎರಡೂ ಸೇರಿ ಶೇಕಡ 80ಕ್ಕಿಂತ ಹೆಚ್ಚು ಇಳಿದವು. ಕಾನೂನಿಲ್ಲ, ಬ್ಯಾನಿಲ್ಲ, ಖರ್ಚೂ ಇಲ್ಲ. ಬರೆಯುವವನು ಕೈ ಹಿಡಿದ, ಅಷ್ಟೇ.

ನಮ್ಮಲ್ಲಿ ಪ್ರೆಸ್ ಕೌನ್ಸಿಲಿನವರು 2019ರ ಸೆಪ್ಟೆಂಬರಿನಲ್ಲಿ ಇದೇ ಬಗೆಯ ನಿಯಮ ಹೊರಡಿಸಿದರು. ಸುದ್ದಿಯನ್ನು ಎದ್ದು ಕಾಣುವ ಹಾಗೆ ಹಾಕಬೇಡಿ, ಮತ್ತೆ ಮತ್ತೆ ಹಾಕಬೇಡಿ. ವಿಧಾನ ಹೇಳಬೇಡಿ, ಜಾಗ ಹೇಳಬೇಡಿ. ಉದ್ರೇಕದ ಹೆಡ್ಡಿಂಗು ಬೇಡ, ಫೋಟೋ ಬೇಡ. ಈಗ ನಿಮ್ಮ ಮನೆಯಲ್ಲಿ ಹಳೇ ಪೇಪರಿನ ಕಟ್ಟು ಇದ್ದರೆ ಬಿಚ್ಚಿ, ರಿಸಲ್ಟು ಬಂದ ವಾರದ್ದನ್ನು ತೆಗೆದು, ಈ ಆರು ಮಾತನ್ನು ಪಕ್ಕದಲ್ಲಿಟ್ಟುಕೊಂಡು ಓದಿ. ಎಷ್ಟು ಪಾಲಿಸಿದ್ದೇವೆ ಅಂತ ನೀವೇ ಎಣಿಸಿ. ನ್ಯೂಸ್ ಚಾನಲ್ಲಿನವರ ವಿಷಯ ನಾನು ಎತ್ತುವುದಿಲ್ಲ. ಅವರು ಇದನ್ನು ಹಿನ್ನೆಲೆ ಸಂಗೀತ ಸೇರಿಸಿ ಮಾಡುತ್ತಾರೆ. ಹ್ಯಾನಾ ಬೇಕರ್ ಕಥೆ ಕಲ್ಪನೆ ಅಂತ ಮಕ್ಕಳಿಗೂ ಗೊತ್ತು. ಪಕ್ಕದ ರಸ್ತೆಯ ಹುಡುಗನ ಫೋಟೋ ಕಲ್ಪನೆಯಲ್ಲವಲ್ಲ.

ಲೆಕ್ಕವನ್ನೂ ಒಂದಿಷ್ಟು ಕೇಳಿ. ಕೇಂದ್ರದ ಅಪರಾಧ ದಾಖಲೆ ಬ್ಯೂರೋ ಪ್ರಕಾರ 2022ರಲ್ಲಿ ದೇಶದಲ್ಲಿ ಹೀಗೆ ಸತ್ತವರು 1,70,924. ಅದರಲ್ಲಿ ವಿದ್ಯಾರ್ಥಿಗಳೇ 13,044. ದಿನಕ್ಕೆ ಮೂವತ್ತೈದಕ್ಕೂ ಹೆಚ್ಚು, ಒಂದು ಕ್ಲಾಸಿನಷ್ಟು ಮಕ್ಕಳು. ಇವರೆಲ್ಲ ನೆಟ್‌ಫ್ಲಿಕ್ಸ್ ನೋಡಿ ಹೋದವರಾ? ಅದಕ್ಕೆ ಚಂದಾ ಕಟ್ಟುವ ಶಕ್ತಿಯಾದರೂ ಎಷ್ಟು ಮನೆಗಿದೆ?

ರಿಸಲ್ಟಿನ ಭಯ ಕಮ್ಮಿ ಮಾಡಲು ಸರ್ಕಾರ ಏನೂ ಮಾಡಿಲ್ಲ ಅಂದರೆ ತಪ್ಪಾಗುತ್ತದೆ. 2024ರಲ್ಲಿ ನಮ್ಮಲ್ಲಿ ಎಸ್ಸೆಸ್ಸೆಲ್ಸಿಗೂ ಸೆಕೆಂಡ್ ಪಿಯುಸಿಗೂ ಒಂದೇ ವರ್ಷದಲ್ಲಿ ಮೂರು ಪರೀಕ್ಷೆ ಬಂದವು. ಒಂದರಲ್ಲಿ ಹೋದರೆ ಇನ್ನೊಂದು. ಅದೇ ವರ್ಷ ಪರೀಕ್ಷಾ ಕೊಠಡಿಗೆಲ್ಲ ಕ್ಯಾಮೆರಾ ಕಣ್ಗಾವಲು ಬಿಗಿಯಾಗಿ, ಎಸ್ಸೆಸ್ಸೆಲ್ಸಿ ರಿಸಲ್ಟು ಹಿಂದಿನ ವರ್ಷದ ಶೇಕಡ 83.89ರಿಂದ 73.40ಕ್ಕೆ ಇಳಿದದ್ದೂ ನಿಜ. ನೂರಕ್ಕೆ ಇಪ್ಪತ್ತಾರು ಮಕ್ಕಳು ಉಳಿದರು. ಅವರಿಗೆ ಇನ್ನೆರಡು ಅವಕಾಶ ಇದೆ ಅನ್ನುವುದನ್ನು ಯಾವ ಪೇಪರು ದಪ್ಪಕ್ಷರದಲ್ಲಿ ಹಾಕಿತು? ಎಲ್ಲರೂ ಹಾಕಿದ್ದು ಟಾಪರುಗಳ ಬಾಯಿಗೆ ಲಾಡು ತುರುಕುವ ಫೋಟೋ.

ಇನ್ನೊಂದು ಮಾತು. ನಮ್ಮ ಗಲ್ಲಿಗಳಲ್ಲಿ ಈ ವಿಷಯ ಬಾಯಿ ಬಿಡದಿರುವುದಕ್ಕೆ ಮರ್ಯಾದೆ ಒಂದು ಕಾರಣ, ಪೋಲೀಸು ಇನ್ನೊಂದು. ಮಗು ಏನಾದರೂ ಮಾಡಿಕೊಳ್ಳಲು ಹೋದರೆ ಬೌರಿಂಗಿಗೆ ಕರೆದುಕೊಂಡು ಹೋಗಬೇಕೆಂದರೆ ಕೇಸಾಗುತ್ತೆ, ಸ್ಟೇಷನ್ನಿಗೆ ಅಲೆಸುತ್ತಾರೆ ಅಂತ ಹೆದರಿ, ತಡಮಾಡಿ, ಕೈ ಮೀರಿದ ಮೇಲೆ ಆಟೋ ಹತ್ತಿಸಿದವರನ್ನು ನಾನೇ ಕಂಡಿದ್ದೇನೆ. ಹಳೆಯ 309ನೇ ಕಲಮು ಅಷ್ಟು ಹೆದರಿಸಿತ್ತು. ಈಗ ಹಾಗಿಲ್ಲ. 2017ರ ಮಾನಸಿಕ ಆರೋಗ್ಯ ಕಾಯಿದೆ ಅಂಥವರನ್ನು ತೀವ್ರ ಸಂಕಟದಲ್ಲಿರುವವರು ಅಂತ ಭಾವಿಸಿ ಚಿಕಿತ್ಸೆ ಕೊಡಬೇಕು ಅನ್ನುತ್ತದೆ. 2024ರ ಜುಲೈ 1ರಿಂದ ಬಂದ ಹೊಸ ನ್ಯಾಯ ಸಂಹಿತೆಯಲ್ಲಿ ಆ 309 ಇಲ್ಲವೇ ಇಲ್ಲ. ಜೀವಕ್ಕೆ ಕುತ್ತು ಅನ್ನಿಸಿದರೆ ಹಿಂದೆಮುಂದೆ ನೋಡದೆ ಆಸ್ಪತ್ರೆಗೆ ಓಡಿ. ಬೌರಿಂಗಿನಲ್ಲಿ ಮನೋವೈದ್ಯರ ವಿಭಾಗವೂ ಇದೆ, ಊರಾಚೆಗೆ ಹೋಗಬೇಕಾಗಿಲ್ಲ.

ಮತ್ತೆ ಒಂದು ನಂಬರು: 14416. ಟೆಲಿ ಮಾನಸ್ ಅಂತ ಅದರ ಹೆಸರು. 2022ರ ಅಕ್ಟೋಬರ್ 10ರಂದು ಶುರುವಾಯಿತು, ಅದರ ಕೇಂದ್ರ ಸ್ಥಾನ ನಮ್ಮ ನಿಮ್ಹಾನ್ಸೇ. ದುಡ್ಡು ಬೇಡ, ಹಗಲು ರಾತ್ರಿ ಯಾವಾಗಲಾದರೂ ಮಾಡಬಹುದು, ಕನ್ನಡದಲ್ಲೂ ಮಾತಾಡಬಹುದು. ಮಕ್ಕಳೇ ಮಾಡಬೇಕೆಂದಿಲ್ಲ. ಮಗುವಿನ ಹತ್ತಿರ ಹೇಗೆ ಮಾತು ತೆಗೆಯಲಿ ಅಂತ ತಿಳಿಯದ ಅಪ್ಪ ಅಮ್ಮನೂ ಮಾಡಬಹುದು.

ಭಾಯಿಗೆ ಮೊದಲು ಹೇಳಿದ್ದು ಇದನ್ನೇ. ಅಳತೆಯ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದುಕೊಂಡರು. ಆಮೇಲೆ ಕೇಳಿದೆ: ಮಗಳನ್ನು ಏನು ಕೇಳಿದಿರಿ ಭಾಯಿ? "ಏನ್ ಕೇಳೋದು ಸಾರ್? ಫೋನ್ ಕಿತ್ಕೊಂಡೆ."

ಅದೇ ಹೊತ್ತಿಗೆ ಆ ಹುಡುಗಿ ಅಪ್ಪನಿಗೆ ಊಟದ ಡಬ್ಬಿ ತಂದಳು. ನನ್ನನ್ನು ಕಂಡು ಮುಖ ಸಿಂಡರಿಸಿದಳು. ದೂರು ಹೇಳಿದ್ದಾರೆ ಅಂತ ಗೊತ್ತಾಗಿರಬೇಕು. ನಾನು ಬೇರೆ ಏನೂ ತೋಚದೆ, ಆ ಕಥೆಯಲ್ಲಿ ನಿನಗೆ ಯಾರ ಮೇಲೆ ಸಿಟ್ಟು ಬಂತಮ್ಮ ಅಂದೆ. ಹುಡುಗರ ಹೆಸರು ಹೇಳುತ್ತಾಳೆ ಅಂದುಕೊಂಡಿದ್ದೆ. "ಆ ಕೌನ್ಸೆಲರ್ ಸಾರ್ ಮೇಲೆ ಅಂಕಲ್. ಅವ್ಳು ಹೇಳ್ಕೊಳ್ಳೋಕೇ ಅಂತ ಹೋಗಿದ್ಲು. ಅವ್ರು ಸರಿಯಾಗಿ ಕೇಳ್ಲೇ ಇಲ್ಲ" ಅಂದಳು. ಆಮೇಲೆ ತಡೆದು, "ನಮ್ ಕಾಲೇಜಲ್ಲಿ ಅಂಥವ್ರೂ ಇಲ್ಲ" ಅಂದಳು. ಭಾಯಿ ಕತ್ತರಿ ಕೈಯಲ್ಲಿ ಹಿಡಿದುಕೊಂಡು ಸುಮ್ಮನೆ ನಿಂತಿದ್ದರು.

ಅಮೆರಿಕದಲ್ಲಿ ಎರಡನೆಯ ಸೀಜನ್ನಿನ ಮೇಲೆ ನಡೆದ ಒಂದು ಅಧ್ಯಯನದಲ್ಲಿ, ಅರ್ಧಕ್ಕೆ ನಿಲ್ಲಿಸಿದವರಲ್ಲೇ ಅಪಾಯ ಹೆಚ್ಚು ಕಂಡಿತ್ತು. ಹಾಗಂತ ಫೋನು ಕೊಟ್ಟು ಒಬ್ಬಳೇ ನೋಡಿಕೋ ಅನ್ನುವಂತಿಲ್ಲ. ಮನಸ್ಸು ಆಗಲೇ ಕುಗ್ಗಿರುವ ಮಗು ಅದನ್ನು ನೋಡದಿರುವುದೇ ಕ್ಷೇಮ. ಉಳಿದವರು ನೋಡಲೇಬೇಕೆಂದರೆ ದೊಡ್ಡವರು ಪಕ್ಕದಲ್ಲಿ ಕೂತು ನೋಡಲಿ. ಭಾಯಿಗೆ ಇದನ್ನು ಹೇಳಿದಾಗ, ಇಂಗ್ಲೀಷು ಅರ್ಥ ಆಗಲ್ಲ ಸಾರ್ ಅಂದರು. ಅವಳೇ ಹೇಳ್ತಾಳೆ ಬಿಡಿ ಅಂದೆ.

ಕೊನೆಗೆ ನಮ್ಮ ಮನೆಯ ಮಾತು. ಈ ಅಂಕಣ ಬರೆಯುವ ಮುಂಚೆ ಎಡಿಟರ ಕೋಣೆಗೆ ಹೋಗಿ ನಾಲ್ಕು ಕೋರಿಕೆ ಇಟ್ಟೆ. ಮುಂದಿನ ರಿಸಲ್ಟಿನ ದಿನದಿಂದ ಇಂಥ ಸಾವಿನ ಸುದ್ದಿಗೆ ಫೋಟೋ ಹಾಕಬಾರದು. ಚೀಟಿಯಲ್ಲಿದ್ದದ್ದನ್ನು ಅಚ್ಚು ಮಾಡಬಾರದು. ಹೇಗೆ, ಎಲ್ಲಿ ಅನ್ನುವುದು ಬೇಡ. ಮೊದಲ ಪುಟದ ಹೆಡ್ಡಿಂಗೂ ಬೇಡ, ಅದರ ಬದಲು 14416 ದಪ್ಪಕ್ಷರದಲ್ಲಿ ಬರಲಿ. ಮೊದಲ ಮೂರಕ್ಕೆ ಆಗಲಿ ಅಂದಿದ್ದಾರೆ. ಹೆಡ್ಡಿಂಗಿನ ವಿಚಾರ, ಸರ್ಕ್ಯುಲೇಷನ್‌ನವರನ್ನು ಕೇಳಿ ನೋಡೋಣ ಅಂದಿದ್ದಾರೆ.